ಕಳೆಯುವ ಲೆಕ್ಕ

ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮೊನ್ನೆ ಮನೆಗೆ ತಂದ ಲೆಕ್ಕದ ಪುಸ್ತಕದಲ್ಲಿ ಒಂದು ದೊಡ್ಡ ಕೆಂಪು ಗೀಟು ಬಿದ್ದಿತ್ತು. ಪ್ರಶ್ನೆಯೇನೋ ಸರಳವಾದದ್ದೇ: ಹತ್ತು ಗೋಲಿಗಳಿವೆ, ಅವುಗಳಲ್ಲಿ ಮೂರು ಕಳೆದರೆ? ಅದರ ಮುಂದೆ ಅವಳು ಅಂಕಿಯನ್ನು ಬರೆಯದೆ, ದುಂಡನೆಯ ಅಕ್ಷರಗಳಲ್ಲಿ 'ಹುಡುಕಬೇಕು' ಎಂದು ಬರೆದಿದ್ದಳು. ಗೀಟು ಅದರ ಮೇಲೆ.

"ಅಪ್ಪಾ, ಕಳೆದರೆ ಹುಡುಕಬೇಕಲ್ಲವೇ? ಮೊನ್ನೆ ನನ್ನ ಕೊಡೆ ಕಳೆದಾಗ ನೀನೇ ಹುಡುಕು ಅಂದೆಯಲ್ಲ?" ಎಂದು ಅವಳು ಕೇಳಿದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು ನಾನು. ಧಾತು, ಪ್ರತ್ಯಯ, ಅರ್ಥವ್ಯತ್ಯಾಸ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೂ ಏಳು ವರ್ಷದ ಹುಡುಗಿ ಎತ್ತಿದ ಶಬ್ದಾರ್ಥದ ಆಕ್ಷೇಪಣೆಯಲ್ಲಿ ತಪ್ಪೇನಿದೆ ಎಂದು ತೋರಿಸಲಾರದೆ ಹೋದೆ. ಒಳಗಿನಿಂದ ನನ್ನ ತಾಯಿ, ಧಾರವಾಡದ ಕಡೆಯ ತಮ್ಮ ಮಾತಿನಲ್ಲಿ, "ಏ ಹುಚ್ಚೀ, ಹತ್ರಾಗ ಮೂರು ಹ್ವಾದ್ರ ಉಳಿಯೋವು ಎಷ್ಟ?" ಎಂದರು. ಹುಡುಗಿ ಕೂಡಲೇ "ಏಳು" ಎಂದಳು. ಲೆಕ್ಕ ಅವಳಿಗೆ ಬರುತ್ತಿತ್ತು. ಅಡ್ಡ ಬಂದದ್ದು ಮಾತು.

ಅಂದಿನಿಂದ ಈ 'ಕಳೆ' ಎಂಬ ಎರಡಕ್ಷರದ ಮಾತು ನನ್ನ ತಲೆಯನ್ನು ಹೊಕ್ಕಿದೆ. ನಾವು ಕೊಡೆಯನ್ನು ಕಳೆಯುತ್ತೇವೆ, ಕಾಲವನ್ನು ಕಳೆಯುತ್ತೇವೆ, ಬಟ್ಟೆಯನ್ನು ಕಳೆಯುತ್ತೇವೆ, ಮೈಲಿಗೆಯನ್ನು ಕಳೆಯುತ್ತೇವೆ. ಹೊಲದಲ್ಲಿ ಕಳೆ ಕೀಳುತ್ತೇವೆ. ಶಾಲೆಯಲ್ಲಿ ಹತ್ತರಿಂದ ಮೂರನ್ನು ಕಳೆಯುತ್ತೇವೆ. (ಮುಖದ ಕಳೆಯ ಮಾತು ಬೇರೆ. ಅದು ಸಂಸ್ಕೃತದ 'ಕಲಾ' ನಮ್ಮಲ್ಲಿ ವೇಷ ಬದಲಿಸಿಕೊಂಡದ್ದು.) ಇವೆಲ್ಲ ಒಂದೇ ಮಾತೇ? ಹಳಗನ್ನಡವನ್ನು ಬಲ್ಲವರು ಅಲ್ಲ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹಿಂದೆ 'ಳ' ಅಲ್ಲದೆ 'ೞ' ಎಂಬ ಇನ್ನೊಂದು ಅಕ್ಷರವಿತ್ತು. ಕಾಲ ಸಂದುಹೋಗುವುದು, ಮುಗಿಯುವುದು ಎಂಬ ಅರ್ಥದ ಮಾತು ಈ ೞಕಾರದ 'ಕೞಿ'. ಕಿತ್ತುಹಾಕುವುದು, ತೆಗೆದುಬಿಡುವುದು, ತೊರೆಯುವುದು ಎಂಬ ಅರ್ಥದ ಮಾತು ಳಕಾರದ 'ಕಳೆ'. ತಮಿಳರು ಈ ಭೇದವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಹೊಲದ ಕಳೆಗೆ ಅವರಲ್ಲಿ ಒಂದು ಅಕ್ಷರ, ಕಳೆದ ದಿನಕ್ಕೆ ಇನ್ನೊಂದು. ಲೆಕ್ಕದ ಕಳೆಯುವಿಕೆಯನ್ನು ಅವರು 'ಕೞಿತ್ತಲ್' ಎನ್ನುತ್ತಾರೆ. ನಮ್ಮಲ್ಲಿ ಈ ೞಕಾರ ಬಹಳ ಹಿಂದೆಯೇ ಸಡಿಲವಾಗತೊಡಗಿತು. ಹದಿಮೂರನೆಯ ಶತಮಾನದ ಹೊತ್ತಿಗೆ ಜನ ಯಾವ ಮಾತಿಗೆ ಯಾವ ಅಕ್ಷರವೆಂಬುದನ್ನು ಮರೆಯುತ್ತಿದ್ದರೆಂದು ತೋರುತ್ತದೆ. ಇಲ್ಲದಿದ್ದರೆ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಮಾತುಗಳನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿಡಬೇಕಾದ ಶ್ರಮ ಯಾಕೆ? ಪಟ್ಟಿ ಉಳಿಯಿತು, ಅಕ್ಷರ ಹೋಯಿತು. ಎರಡು ಮಾತುಗಳು ಒಂದೇ ಮನೆಯಲ್ಲಿ ವಾಸ ಮಾಡತೊಡಗಿದವು. ಅಂದ ಮೇಲೆ ನನ್ನ ಮಗಳಿಗೆ ಬಿದ್ದ ಕೆಂಪು ಗೀಟಿಗೆ ಏಳೆಂಟು ನೂರು ವರ್ಷಗಳ ಹಿಂದಿನ ಉಚ್ಚಾರಣೆಯ ಸಡಿಲಿಕೆಯೂ ಒಂದಿಷ್ಟು ಹೊಣೆಯೆನ್ನಬೇಕು.

ಪಾಠದ ತಲೆಬರಹದಲ್ಲಿ ಮಾತ್ರ 'ಕಳೆಯುವುದು' ಎಂದಿಲ್ಲ, 'ವ್ಯವಕಲನ' ಎಂದಿದೆ. ಏಳು ವರ್ಷದ ನಾಲಗೆಗೆ ಇದು ಸುಲಭದ ತುತ್ತಲ್ಲ. ಆದರೆ ಶಬ್ದ ಚೆನ್ನಾದದ್ದು, ಮನೆತನವೂ ಹಳೆಯದು. 'ಕಲ' ಎಂಬ ಸಂಸ್ಕೃತ ಧಾತುವಿಗೆ ಎಣಿಸುವುದು ಎಂಬ ಅರ್ಥವಿದೆ. ಒಟ್ಟಿಗೆ ಎಣಿಸಿದರೆ ಸಂಕಲನ. ಬೇರ್ಪಡಿಸಿ, ಕೆಳಗಿಳಿಸಿ ಎಣಿಸಿದರೆ ವ್ಯವಕಲನ. ಸಂಕಲನವನ್ನು ನಾವು ಸಾಹಿತ್ಯದವರು ಬಹಳ ಹಿಂದೆಯೇ ಗಣಿತದವರಿಂದ ಕಡ ತಂದು ಹಿಂತಿರುಗಿಸದೆ ಇಟ್ಟುಕೊಂಡಿದ್ದೇವೆ. ಕವನಗಳನ್ನು ಕೂಡಿಸಿದರೆ ಕವನಸಂಕಲನ, ಕಥೆಗಳನ್ನು ಕೂಡಿಸಿದರೆ ಕಥಾಸಂಕಲನ. ಕವನವ್ಯವಕಲನವನ್ನು ಮಾತ್ರ ಯಾರೂ ಇನ್ನೂ ಪ್ರಕಟಿಸಿಲ್ಲ. ಕೆಲವು ಸಂಕಲನಗಳನ್ನು ಓದಿದಾಗ ಅದರ ಅಗತ್ಯ ಕಂಡುಬಂದದ್ದುಂಟು.

ಈ ಒಂದು ಕೆಲಸಕ್ಕೆ ನಮ್ಮ ಪ್ರಾಚೀನ ಗಣಿತಗ್ರಂಥಗಳಲ್ಲಿ ಎಷ್ಟು ಹೆಸರುಗಳಿವೆಯೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ವ್ಯುತ್ಕಲಿತ, ವ್ಯವಕಲಿತ, ಶೋಧನ, ಪಾತನ, ವಿಯೋಗ. ಶೋಧನವೆಂದರೆ ಶುದ್ಧಿ ಮಾಡುವುದು, ಬೇಡದ್ದನ್ನು ತೆಗೆದು ತೊಳೆಯುವುದು. ಪಾತನವೆಂದರೆ ಕೆಡಹುವುದು. ವಿಯೋಗವೆಂದರೆ ಅಗಲಿಕೆ. ಶೃಂಗಾರಕಾವ್ಯವನ್ನು ಪಾಠ ಹೇಳುವಾಗ ನಾಯಕನಾಯಿಕೆಯರ ಸಂಯೋಗವಿಯೋಗಗಳೆಂದು ನಾವು ಭಾವುಕರಾಗಿ ಹೇಳುವ ಮಾತನ್ನೇ, ಗಣಿತಜ್ಞ ಹತ್ತರಿಂದ ಮೂರನ್ನು ತೆಗೆಯುವಾಗ ನಿರ್ವಿಕಾರನಾಗಿ ಬಳಸುತ್ತಾನೆ. ಯಾವುದರಿಂದ ಕಳೆಯಬೇಕೋ ಅದು ವಿಯೋಜ್ಯ, ಕಳೆಯುವುದು ವಿಯೋಜಕ, ಉಳಿದದ್ದು ಶೇಷ. ಗುಣಾಕಾರದ ಹೆಸರುಗಳು ಇದಕ್ಕಿಂತ ಭಯಂಕರವಾದವು: ಹನನ, ವಧ! ಹಲಗೆಯ ಮೇಲೆ ಧೂಳನ್ನು ಹರಡಿ ಬೆರಳಿನಿಂದ ಅಂಕಿ ಬರೆದು ಲೆಕ್ಕ ಮಾಡುತ್ತಿದ್ದ ಕಾಲ ಅದು. ಗುಣಿಸುತ್ತ ಹೋದಂತೆ ಗುಣ್ಯದ ಅಂಕಿಗಳನ್ನು ಒಂದೊಂದಾಗಿ ಅಳಿಸಿ ಆ ಜಾಗದಲ್ಲಿ ಗುಣಲಬ್ಧದ ಅಂಕಿಗಳನ್ನು ಬರೆಯುತ್ತಿದ್ದರು. ಹಳೆಯ ಅಂಕಿಗಳು ಸತ್ತು ಹೊಸವು ಹುಟ್ಟುತ್ತಿದ್ದುದರಿಂದ ಈ ಹೆಸರು ಬಂತೆಂದು ವಿದ್ವಾಂಸರು ವಿವರಿಸುತ್ತಾರೆ. ಆ ಹಲಗೆಗೆ 'ಪಾಟೀ' ಎಂದು ಹೆಸರು. ಅದರಿಂದಲೇ ಅಂಕಗಣಿತಕ್ಕೆ ಪಾಟೀಗಣಿತವೆಂಬ ಹೆಸರಾಯಿತು. ನಾನು ಹುಟ್ಟಿ ಬೆಳೆದ ಕಡೆ ಸ್ಲೇಟಿಗೆ ನಾವು 'ಪಾಟಿ' ಎಂದೇ ಹೇಳುತ್ತಿದ್ದೆವು, ಶಾಲೆಯ ಚೀಲ 'ಪಾಟಿಚೀಲ'. ಹೆಗಲಿಗೆ ಅದನ್ನು ನೇತುಹಾಕಿಕೊಂಡು ಓಡುತ್ತಿದ್ದಾಗ ಬ್ರಹ್ಮಗುಪ್ತ, ಶ್ರೀಧರರ ಶಾಸ್ತ್ರದ ಹೆಸರನ್ನೇ ಹೊತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ.

ಕನ್ನಡನಾಡಿನಲ್ಲಿ ಈ ವಿಷಯ ತೆಗೆದ ಮೇಲೆ ಮಹಾವೀರಾಚಾರ್ಯನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಈಗ ಕಲಬುರಗಿ ಜಿಲ್ಲೆಗೆ ಸೇರಿರುವ ಮಳಖೇಡ ಅಂದು ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಈ ಜೈನ ಪಂಡಿತ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ನಮ್ಮ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಶ್ರಯದಲ್ಲಿ. ನಾವು ಕನ್ನಡ ಮೇಷ್ಟರುಗಳು ಒಂದನ್ನು ಪಾಠ ಹೇಳಿ ಇನ್ನೊಂದನ್ನು ಹೆಸರಿಸದೆ ಬಿಟ್ಟಿರುವುದು ಅಷ್ಟೇನೂ ಶೋಭಿಸುವ ಸಂಗತಿಯಲ್ಲ. ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರಗಿನ ಲೋಕಕ್ಕೆ ಇದರ ಪರಿಚಯವಾಯಿತು.

ಈ ಗ್ರಂಥದಲ್ಲಿ ಎಂಟು ಪರಿಕರ್ಮಗಳನ್ನು ಹೇಳಿದೆ. ಮೊದಲು ಬರುವುದು ಗುಣಾಕಾರ, ಕಡೆಯವೆರಡು ಸಂಕಲಿತ ಮತ್ತು ವ್ಯುತ್ಕಲಿತ. ಕೂಡುವುದು ಕಳೆಯುವುದು ಎಲ್ಲಕ್ಕೂ ಮೊದಲು ಬರಬೇಕಲ್ಲವೇ ಎಂದು ನಾನು ಮೊದಲ ಸಲ ನೋಡಿದಾಗ ಬೆರಗಾದೆ. ಅನಂತರ ತಿಳಿಯಿತು, ಆಚಾರ್ಯನ ವ್ಯುತ್ಕಲಿತ ನಮ್ಮ ಎರಡನೆಯ ತರಗತಿಯದಲ್ಲ. ಹತ್ತರಲ್ಲಿ ಮೂರನ್ನು ತೆಗೆಯುವುದು ಓದುಗನಿಗೆ ಗೊತ್ತೇ ಇರುತ್ತದೆ ಎಂದುಕೊಂಡು ಅದರ ಗೊಡವೆಗೇ ಅವನು ಹೋಗಿಲ್ಲ. ಅವನ ಸಂಕಲಿತವೆಂದರೆ ಶ್ರೇಢಿಯ ಮೊತ್ತ. ವ್ಯುತ್ಕಲಿತವೆಂದರೆ ಆ ಮೊತ್ತದಿಂದ ಆರಂಭದ ಕೆಲವು ಪದಗಳ ಮೊತ್ತವನ್ನು ತೆಗೆದು ಉಳಿದ ಭಾಗದ ಮೊತ್ತವನ್ನು ಕಾಣುವುದು. ಒಂದರಿಂದ ಹತ್ತರವರೆಗೆ ಕೂಡಿದರೆ ೫೫. ಮೊದಲ ನಾಲ್ಕರ ಮೊತ್ತ ೧೦. ಅದನ್ನು ತೆಗೆದರೆ ಉಳಿಯುವ ೪೫, ಐದರಿಂದ ಹತ್ತರವರೆಗಿನ ಸಂಖ್ಯೆಗಳ ಮೊತ್ತ. ಇಲ್ಲಿ ಏನೂ ಕಳೆದುಹೋಗಿಲ್ಲ, ಹುಡುಕಬೇಕಾದದ್ದೂ ಇಲ್ಲ. ಇಡಿಯಾಗಿದ್ದದ್ದು ಎರಡು ಪಾಲಾಗಿ ಎರಡೂ ಕಣ್ಣೆದುರಿಗೇ ಇವೆ.

ಸೊನ್ನೆಯ ವಿಷಯದಲ್ಲಿ ಮಹಾವೀರ ಎಡವಿದನೆಂದು ಎಲ್ಲರೂ ಬರೆಯುತ್ತಾರೆ. ಒಂದು ಸಂಖ್ಯೆಗೆ ಸೊನ್ನೆಯನ್ನು ಕೂಡಿದರೂ ಕಳೆದರೂ ಅದು ಹಾಗೆಯೇ ಇರುತ್ತದೆ ಎಂದದ್ದು ಸರಿ. ಸೊನ್ನೆಯಿಂದ ಭಾಗಿಸಿದರೂ ಹಾಗೆಯೇ ಇರುತ್ತದೆ ಎಂದದ್ದು ಇಂದಿನ ಗಣಿತಕ್ಕೆ ಒಪ್ಪಿಗೆಯಿಲ್ಲ. ತಪ್ಪು ತಪ್ಪೇ. ಆದರೆ ಆ ತಪ್ಪಿನ ಹಿಂದೆ ಒಂದು ಶಬ್ದದ ನೆರಳಿದೆಯೆಂದು ನನ್ನ ಊಹೆ. ನಾವು ಈಗ 'ಭಾಗಾಕಾರ' ಎನ್ನುವ ಮಾತು ಸಂಸ್ಕೃತದಲ್ಲಿ 'ಭಾಗಹಾರ'. ಗುಣಾಕಾರದ ಜೊತೆ ಓಡಾಡಿ ನಮ್ಮ ಬಾಯಲ್ಲಿ ಅದಕ್ಕೂ ಆಕಾರ ಬಂತು. ಹಾರವೆಂದರೆ ತೆಗೆದುಕೊಂಡು ಹೋಗುವುದು, ಅಪಹಾರ, ಪರಿಹಾರಗಳಲ್ಲಿರುವಂತೆ. ಅಂದರೆ ಭಾಗಿಸುವುದು ಪಾಲುಪಾಲಾಗಿ ತೆಗೆಯುತ್ತ ಹೋಗುವುದು, ಮತ್ತೆ ಮತ್ತೆ ಕಳೆಯುವುದು. ಹಂಚಿಕೊಳ್ಳಲು ಯಾರೂ ಬರದಿದ್ದರೆ ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯುತ್ತದಲ್ಲವೇ? ಆಚಾರ್ಯನ ಮನಸ್ಸಿನಲ್ಲಿ ಇಂಥದೊಂದು ಚಿತ್ರವಿದ್ದಿರಬಹುದು. ಕನ್ನಡದಲ್ಲಿ ಮೊದಲ ಗಣಿತಗ್ರಂಥಗಳನ್ನು ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯನಾದರೋ ಭಾಗಕ್ಕೆ ಇದ್ದ ಅಚ್ಚಗನ್ನಡದ 'ಹಸುಗೆ' ಎಂಬ ಮಾತನ್ನು ತನ್ನ ಒಂದು ಕೃತಿಯ ಹೆಸರಿನಲ್ಲೇ ಇಟ್ಟ: 'ಚಿತ್ರಹಸುಗೆ'. ಇಂಥ ಮಾತನ್ನು ಶಾಲೆಯ ಪುಸ್ತಕದಿಂದ ಕಳೆದುಕೊಂಡೆವಲ್ಲ ಎಂದು ನನಗೆ ಕೊರಗು.

ಚಿಕ್ಕದರಿಂದ ದೊಡ್ಡದನ್ನು ಕಳೆದರೆ ಏನಾಗುತ್ತದೆ ಎಂಬ ಪ್ರಶ್ನೆ ಇನ್ನೂ ತೊಡಕಿನದು. 'ಮೂರರಲ್ಲಿ ಐದು ಹೋಗುವುದಿಲ್ಲ' ಎಂದು ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಕೆಲವು ವರ್ಷಗಳ ಮೇಲೆ ಅದೇ ಶಾಲೆಯಲ್ಲಿ ಹೋಗುತ್ತದೆ ಎಂದರು. ಭಿಲ್ಲಮಾಲದ ಬ್ರಹ್ಮಗುಪ್ತ ೬೨೮ರಲ್ಲೇ ಇದನ್ನು ಪೇಟೆಯ ಮಾತಿನಲ್ಲಿ ಬಗೆಹರಿಸಿದ್ದ. ಇರುವುದು ಧನ, ಕೊಡಬೇಕಾದದ್ದು ಋಣ. ಶೂನ್ಯದಿಂದ ಧನವನ್ನು ಕಳೆದರೆ ಋಣವಾಗುತ್ತದೆ. ಶೂನ್ಯದಿಂದ ಋಣವನ್ನು ಕಳೆದರೆ ಧನವಾಗುತ್ತದೆ. ಸಾಲವನ್ನು ತೆಗೆದುಹಾಕುವುದೆಂದರೆ ಸಂಪತ್ತನ್ನು ಕೊಟ್ಟಂತೆ ಎಂಬುದನ್ನು ಸಾಲ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಇಂಥ ಸಂಖ್ಯೆಗಳನ್ನು ೧೫೪೪ರಷ್ಟು ಈಚೆಗೂ ಜರ್ಮನಿಯ ಸ್ಟೀಫೆಲ್ ಎಂಬ ಪಂಡಿತ 'ಅಸಂಬದ್ಧ ಸಂಖ್ಯೆ'ಗಳೆಂದು ಕರೆದ.

ಆದರೂ ನಮ್ಮವರಿಗೇ ಇವು ಪೂರ್ತಿ ಒಗ್ಗಿದ್ದವೆನ್ನಲಾಗದು. ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಒಂದು ಕೋತಿಗಳ ಲೆಕ್ಕವಿದೆ. (ಭಾಸ್ಕರನ ಊರು ಬಿಜ್ಜಡವಿಡ ಕರ್ನಾಟಕದಲ್ಲೋ ಮಹಾರಾಷ್ಟ್ರದಲ್ಲೋ ಎಂಬ ಜಗಳ ನನಗೆ ಇಲ್ಲಿ ಬೇಡ.) ಕೋತಿಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ವರ್ಗ ಮಾಡಿದಷ್ಟು ಕೋತಿಗಳು ಗವಿಯನ್ನು ಹೊಕ್ಕವು, ಒಂದು ಮಾತ್ರ ಕೊಂಬೆಯ ಮೇಲೆ ಕಂಡಿತು. ಹಿಂಡಿನಲ್ಲಿ ಎಷ್ಟು? ಗಣಿತ ಎರಡು ಉತ್ತರ ಕೊಡುತ್ತದೆ: ೫೦ ಮತ್ತು ೫. ಐವತ್ತಾದರೆ ಐದನೆಯ ಒಂದು ಭಾಗ ಹತ್ತು, ಮೂರು ಕಳೆದರೆ ಏಳು, ಅದರ ವರ್ಗ ೪೯, ಕೊಂಬೆಯದು ಒಂದು, ಸರಿಹೋಯಿತು. ಐದಾದರೆ ಐದನೆಯ ಒಂದು ಭಾಗ ಒಂದೇ ಕೋತಿ. ಒಂದು ಕೋತಿಯಲ್ಲಿ ಮೂರನ್ನು ಕಳೆದರೆ ಋಣ ಎರಡು, ಅದರ ವರ್ಗ ನಾಲ್ಕು, ಕೊಂಬೆಯದು ಒಂದು, ಒಟ್ಟು ಐದು. ಲೆಕ್ಕ ಇಲ್ಲೂ ಸರಿಯೇ. ಆದರೆ ಭಾಸ್ಕರ ಈ ಎರಡನೆಯ ಉತ್ತರವನ್ನು ಬಿಟ್ಟುಬಿಡುತ್ತಾನೆ. ಕಾರಣ ಗಣಿತದ್ದಲ್ಲ, ಋಣವಾಗಿ ನಿಂತ ವಸ್ತುವನ್ನು ಲೋಕ ನಂಬುವುದಿಲ್ಲ ಎಂಬುದು. ಒಂದು ಕೋತಿಯಿಂದ ಮೂರು ಕೋತಿಗಳನ್ನು ತೆಗೆಯುವುದು ಹೇಗೆ ಎಂದು ಕೇಳುವ ಸಾಮಾನ್ಯನ ಪರವಾಗಿ ಅಷ್ಟು ದೊಡ್ಡ ಪಂಡಿತ ನಿಂತನಲ್ಲ! ನನ್ನ ಮಗಳ 'ಹುಡುಕಬೇಕು' ಆತನ ಕೈಗೆ ಸಿಕ್ಕಿದ್ದರೆ ಕೆಂಪು ಗೀಟು ಬೀಳುತ್ತಿರಲಿಲ್ಲವೇನೋ.

ಚಿಹ್ನೆಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ನಾವು ಬಳಸುವ ಅಡ್ಡಗೀಟು ೧೪೮೯ರಲ್ಲಿ ಲೈಪ್ಜಿಗ್ ನಗರದಲ್ಲಿ ಅಚ್ಚಾದ ವಿಡ್ಮನ್ ಎಂಬಾತನ ವ್ಯಾಪಾರಗಣಿತದ ಪುಸ್ತಕದಲ್ಲಿ ಮೊದಲು ಅಚ್ಚಿನಲ್ಲಿ ಕಾಣಿಸಿತು. ೧೮೮೧ರಲ್ಲಿ ಪೇಶಾವರದ ಬಳಿ ಬಕ್ಷಾಲಿಯಲ್ಲಿ ನೆಲದಲ್ಲಿ ಸಿಕ್ಕಿದ ಭೂರ್ಜಪತ್ರದ ಹಸ್ತಪ್ರತಿಯಲ್ಲಾದರೆ ಋಣವನ್ನು ತೋರಿಸಲು ಅಂಕಿಯ ಮುಂದೆ ಬರೆದಿರುವುದು ಇಂದು ನಾವು ಕೂಡುವುದಕ್ಕೆ ಬಳಸುವಂಥದೇ ಶಿಲುಬೆಯಾಕಾರದ ಗುರುತು! ಮುಂದೆ ಭಾಸ್ಕರನ ಕಾಲಕ್ಕೆ ಅಂಕಿಯ ಮೇಲೆ ಒಂದು ಚುಕ್ಕೆ ಇಟ್ಟರೆ ಋಣವಾಯಿತು.

ಇನ್ನು ನಮ್ಮ ಆಡುಮಾತಿಗೆ ಬರೋಣ. ಕಳೆಯುವಿಕೆ ಅಲ್ಲಿ ಎಲ್ಲೆಲ್ಲಿ ಅಡಗಿ ಕುಳಿತಿದೆಯೆಂದರೆ, ಒಂಬತ್ತು ಎನ್ನುವಾಗಲೇ ನಾವು ಒಂದು ಕಳೆಯುವ ಲೆಕ್ಕ ಮಾಡಿಬಿಟ್ಟಿರುತ್ತೇವೆ: ಒಂದು ಕಡಿಮೆಯಾದ ಪತ್ತು ಒಂಬತ್ತು ಎಂದು ಭಾಷಾಶಾಸ್ತ್ರಜ್ಞರು ಬಿಡಿಸುತ್ತಾರೆ. ಸಂಸ್ಕೃತದವರು ಹತ್ತೊಂಬತ್ತಕ್ಕೆ 'ಏಕೋನವಿಂಶತಿ', ಒಂದು ಕಡಿಮೆ ಇಪ್ಪತ್ತು ಎನ್ನುವಂತೆ. ಗಂಟೆ ಹೇಳುವಾಗ ಮಾತ್ರ ನಾವು ಕೂಡುವ ಜನ. ಗಡಿಯಾಚೆಯ ಮರಾಠಿಯವರು 'ಪಾವಣೇ ಆಠ' ಎಂದು ಎಂಟರಲ್ಲಿ ಕಾಲನ್ನು ಕಳೆದರೆ (ಅದು ಸಂಸ್ಕೃತದ 'ಪಾದೋನ'), ನಾವು ಅದೇ ಹೊತ್ತಿಗೆ ಏಳಕ್ಕೆ ಮೂರು ಕಾಲನ್ನು ಕೂಡಿ 'ಏಳೂಮುಕ್ಕಾಲು' ಎನ್ನುತ್ತೇವೆ. ಉಳಿದದ್ದಕ್ಕೆ ನಮ್ಮಲ್ಲಿ 'ಮಿಕ್ಕದ್ದು' ಎಂಬ ಮಾತಿದೆ. ಅದು 'ಮಿಗು' ಎಂಬುದರಿಂದ ಬಂದದ್ದು, ಮಿಗಿಲು ಎಂಬುದೂ ಅದರ ಬಳಗವೇ. ತೆಗೆದ ಮೇಲೆ ಕಡಿಮೆಯಾಗಿ ಉಳಿದದ್ದನ್ನು ಹೆಚ್ಚಾದದ್ದು ಎಂಬ ಮಾತಿನಿಂದ ಕರೆಯುವ ಈ ಬುದ್ಧಿ ಯಾವ ಅಜ್ಜಿಯದೋ ನಾನರಿಯೆ.

ಉತ್ತರ ಕರ್ನಾಟಕದಲ್ಲಿ, ೧೯೫೬ರಲ್ಲಿ ರಾಜ್ಯ ಒಂದಾಗುವವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ, ಹಿರಿಯರ ಲೆಕ್ಕದ ಮಾತುಗಳೇ ಬೇರೆ. ಕೂಡಿದರೆ ಬೇರೀಜು, ಕಳೆದರೆ ವಜಾಬಾಕಿ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮರಾಠಿ ಕಚೇರಿಗಳನ್ನು ಹಾದು ನಮ್ಮ ಹಳ್ಳಿಯ ಅಂಗಡಿಗೆ ಬಂದ ಮಾತುಗಳಿವು. ವಜಾ ಎಂದರೆ ಕೆಳಗಿಡುವುದು, ತೆಗೆದುಹಾಕುವುದು. ಬಾಕಿ ಎಂದರೆ ಉಳಿದದ್ದು. ಮೈಸೂರಿನ ಕಡೆ ಈಗ ಮೇಲ್ಮನವಿಯೋ ನೌಕರನೋ ಮಾತ್ರ 'ವಜಾ' ಆಗುವುದು. ನಮ್ಮಲ್ಲಿ ಮೂರು ಗೋಲಿಯೂ ವಜಾ ಆಗುತ್ತಿತ್ತು. ಸೊನ್ನೆಗೆ ಹಳಬರು 'ಪೂಜ್ಯ' ಎನ್ನುತ್ತಿದ್ದರು. ಬರಿದಾದದ್ದನ್ನು ಬರಿದು ಎನ್ನಲು ಮನಸ್ಸು ಬಾರದೆ ಈ ಗೌರವದ ಹೆಸರನ್ನು ಇಟ್ಟರೋ ಏನೋ.

ಮಗಳ ಪುಸ್ತಕದ ಪ್ರಸಂಗ ನಡೆದ ಮಾರನೆಯ ದಿನ ನಾನು ಅಟ್ಟದ ಮೇಲಿದ್ದ ಅಜ್ಜನ ಕಿರ್ದಿಖಾತೆಗಳನ್ನು ಇಳಿಸಿದೆ. ಅಜ್ಜನದು ಹಳ್ಳಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕಗಳು, ಅಂಚು ತಿಂದ ಹಾಳೆಗಳು. ಜೋಳ, ಬೆಲ್ಲ, ಕಡಲೆಬೇಳೆ, ಸೀಮೆಎಣ್ಣೆ, ಎಲ್ಲ ಉದ್ರಿ. ೧೯೭೨ರ ಬರ ಕಳೆದ ಮರುವರ್ಷದ ಖಾತೆಯಲ್ಲಿ ಒಂದು ಪುಟದ ಮುಂದೆ ನಿಂತೆ. ಊರಿನ ಒಬ್ಬ ನೇಕಾರನ ಹೆಸರಿನಲ್ಲಿ ವಾರವಾರವೂ ಉದ್ರಿ ಏರುತ್ತ ಹೋಗಿ ೮೩ ರೂಪಾಯಿ ೪೦ ಪೈಸೆಗೆ ನಿಂತಿತ್ತು. ಜಮೆಯ ಬದಿ ಖಾಲಿ. ಒಂದು ಕಾಸೂ ಬಂದಿರಲಿಲ್ಲ. ಆದರೂ ಕೆಳಗೆ ಅಜ್ಜನ ಮೋಡಿ ಹೊಡೆದಂಥ ಅಕ್ಷರಗಳಲ್ಲಿ ಹೀಗಿತ್ತು: 'ವಜಾ ೮೩-೪೦. ಬಾಕಿ ಪೂಜ್ಯ.'

ಕೊಡದ ಹಣ ವಜಾ ಆದದ್ದು ಹೇಗೆ? ಕೂಡುವುದರಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೂ ರಾತ್ರಿ ಕಂದೀಲು ಹಚ್ಚಿಕೊಂಡು ಕೂರುತ್ತಿದ್ದ ಮನುಷ್ಯ ಎಂದು ಅಜ್ಜನ ವಿಷಯ ಕೇಳಿದ್ದೆ. ಪುಸ್ತಕವನ್ನು ಒಯ್ದು ತಾಯಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಹೆಸರನ್ನು ಓದಿದರು, ಬೆರಳಿನಿಂದ ಆ ಸಾಲನ್ನು ಒಮ್ಮೆ ಸವರಿದರು.

"ಆ ವರ್ಷ ಅಂವ ತೀರಿಕೊಂಡ," ಎಂದರು. "ಮೂರು ಸಣ್ಣ ಮಕ್ಕಳಿದ್ದುವು. ನಿಮ್ಮಜ್ಜ ಮಣ್ಣಿಗೆ ಹೋಗಿ ಬಂದು, ಜಳಕಾ ಮಾಡಿ, ಖಾತೆ ತಗೊಂಡು ಕುಂತು ಕಳದುಬಿಟ್ರು."